ಉಳಿದ 2 ಗ್ರಾಂ ಎಲ್ಲಿ ಹೋಯ್ತು?

ಆ ದಿನ ಬೋರ್ಡಿನ ಮೇಲೆ ನಾನು ಬರೆದ ಸಮೀಕರಣ ಸರಿಯಾಗಿಯೇ ಇತ್ತು. ನೈಟ್ರೋಜನ್ ಅಣು 1, ಹೈಡ್ರೋಜನ್ ಅಣು 3, ಬಾಣದ ಗುರುತು, ಅಮೋನಿಯ ಅಣು 2. ಎಡಗಡೆ ನೈಟ್ರೋಜನ್ ಪರಮಾಣು ಎರಡು, ಬಲಗಡೆಯೂ ಎರಡು. ಹೈಡ್ರೋಜನ್ ಆ ಕಡೆ ಆರು, ಈ ಕಡೆ ಆರು. ಕೆಮಿಸ್ಟ್ರಿ ಮೇಡಂ ತಲೆಯಾಡಿಸಿದರು. "ಸರಿ, ಈಗ ಇದನ್ನೇ ಗ್ರಾಂ ಲೆಕ್ಕದಲ್ಲಿ ಹೇಳು" ಅಂದರು.

ನಾನು ತಡಮಾಡಲಿಲ್ಲ. "1 ಗ್ರಾಂ ನೈಟ್ರೋಜನ್, 3 ಗ್ರಾಂ ಹೈಡ್ರೋಜನ್ ಸೇರಿದರೆ 2 ಗ್ರಾಂ ಅಮೋನಿಯ" ಅಂದೆ.

ಮೇಡಂ ಬೈಯಲಿಲ್ಲ, ತಪ್ಪು ಅಂತಲೂ ಹೇಳಲಿಲ್ಲ. "1 ಮತ್ತು 3 ಕೂಡಿದರೆ 4. ನಿನಗೆ ಸಿಕ್ಕಿದ್ದು 2. ಉಳಿದ 2 ಗ್ರಾಂ ಎಲ್ಲಿ ಹೋಯ್ತು?" ಅಂತ ಕೇಳಿದರು. ನಾನು ಬೋರ್ಡ್ ನೋಡುತ್ತಾ ನಿಂತೆ. ಪರಮಾಣುಗಳ ಎಣಿಕೆ ಸರಿಯಿದೆ. ಆದರೆ ತೂಕದಲ್ಲಿ ಅರ್ಧ ಕಾಣೆ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತವೆ? ಆ ಪೀರಿಯಡ್ ಮುಗಿಯುವವರೆಗೂ ನನಗೆ ಬೇರೆ ಏನೂ ಕೇಳಿಸಲಿಲ್ಲ.

ಉತ್ತರ ಗೊತ್ತಾದಾಗ ಅದು ಒಂದೇ ಸಾಲಿನದು. ಸಮೀಕರಣದಲ್ಲಿ ಸೂತ್ರದ ಮುಂದೆ ಬರೆಯುವ ಅಂಕಿ ಎಣಿಕೆ, ತೂಕ ಅಲ್ಲ. ಹೈಡ್ರೋಜನ್ ಪರಮಾಣು ಒಂದರ ತೂಕ 1 ಅಂತ ಇಟ್ಟುಕೊಂಡರೆ ನೈಟ್ರೋಜನ್ ಅಣು ಒಂದರ ತೂಕ 28, ಹೈಡ್ರೋಜನ್ ಅಣುವಿನದು ಬರೀ 2. ಹಾಗಾಗಿ 28 ಗ್ರಾಂ ನೈಟ್ರೋಜನ್ ಜೊತೆ ಸೇರುವುದು 6 ಗ್ರಾಂ ಹೈಡ್ರೋಜನ್. ಸಿಗುವುದು 34 ಗ್ರಾಂ ಅಮೋನಿಯ. 28 ಮತ್ತು 6, ಸರಿಯಾಗಿ 34. ಎಣಿಕೆಯಲ್ಲಿ ಮೂರು ಪಟ್ಟು ಇರುವ ಹೈಡ್ರೋಜನ್ ತೂಕದಲ್ಲಿ ಕಾಲು ಭಾಗವೂ ಇಲ್ಲ! ಮುಚ್ಚಿದ ಪಾತ್ರೆಯಲ್ಲಿ ಏನೇ ಆದರೂ ಒಟ್ಟು ತೂಕ ಬದಲಾಗುವುದಿಲ್ಲ ಅಂತ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ 1789ರ ತನ್ನ ಪುಸ್ತಕದಲ್ಲಿ ಬರೆದದ್ದನ್ನು ನಾವು ಬಾಯಿಪಾಠ ಮಾಡಿದ್ದೆವು. ಆದರೆ ನಾನೇ ಬರೆದ ಒಂದು ಸಾಲನ್ನು ಆ ನಿಯಮ ಹಿಡಿದು ನಿಲ್ಲಿಸಬಲ್ಲದು ಅಂತ ಗೊತ್ತಾದದ್ದು ಅವತ್ತೇ.

ಸಮೀಕರಣ ಸರಿದೂಗಿಸುವುದಕ್ಕೆ ಮೇಡಂ ಕಲಿಸಿದ ಕ್ರಮ ತುಂಬಾ ಸರಳ. ಇಂಧನ ಉರಿಯುವ ಸಮೀಕರಣ ಆದರೆ ಮೊದಲು ಕಾರ್ಬನ್, ಆಮೇಲೆ ಹೈಡ್ರೋಜನ್, ಕೊನೆಗೆ ಆಕ್ಸಿಜನ್. ಅಡುಗೆ ಗ್ಯಾಸಿನಲ್ಲಿರುವ ಬ್ಯುಟೇನ್ ತೆಗೆದುಕೊಳ್ಳಿ. ಒಂದು ಅಣುವಿನಲ್ಲಿ ಕಾರ್ಬನ್ 4, ಹೈಡ್ರೋಜನ್ 10. ಉರಿದರೆ ಕಾರ್ಬನ್ ಡೈಆಕ್ಸೈಡ್ 4, ನೀರು 5. ಈಗ ಬಲಗಡೆ ಆಕ್ಸಿಜನ್ ಪರಮಾಣು 13. ಆಕ್ಸಿಜನ್ ಬರುವುದು ಜೋಡಿಯಾಗಿ, ಅಂದರೆ ಆರೂವರೆ ಅಣು ಬೇಕು. ಅರ್ಧ ಅಣು ಇರುವುದಿಲ್ಲ ಅಲ್ವಾ? ಎಲ್ಲವನ್ನೂ ಎರಡರಿಂದ ಗುಣಿಸಬೇಕು. ಬ್ಯುಟೇನ್ 2, ಆಕ್ಸಿಜನ್ 13, ಕಾರ್ಬನ್ ಡೈಆಕ್ಸೈಡ್ 8, ನೀರು 10. ಮುಗಿಯಿತು.

ಮುಗಿಯಿತು ಅಂದರೆ ಮೇಡಂ ಬಿಡುತ್ತಿರಲಿಲ್ಲ. ತೂಕ ಹಾಕಿಸುತ್ತಿದ್ದರು. 116 ಗ್ರಾಂ ಬ್ಯುಟೇನಿಗೆ 416 ಗ್ರಾಂ ಆಕ್ಸಿಜನ್. ಬರುವುದು 352 ಗ್ರಾಂ ಕಾರ್ಬನ್ ಡೈಆಕ್ಸೈಡ್, 180 ಗ್ರಾಂ ನೀರು. ಎರಡೂ ಕಡೆ 532. ಉರಿಸಿದ ಗ್ಯಾಸಿಗಿಂತ ಹೊರಗೆ ಬಂದ ಕಾರ್ಬನ್ ಡೈಆಕ್ಸೈಡ್ ಮೂರು ಪಟ್ಟು ಜಾಸ್ತಿ ತೂಕ. ಮೊದಲ ಸಲ ಇದನ್ನು ನೋಡಿ ತಪ್ಪು ಮಾಡಿದ್ದೀನಿ ಅಂತಲೇ ಅಂದುಕೊಂಡು ಇನ್ನೊಂದು ಸಲ ಕೂಡಿದೆ. ತಪ್ಪಿರಲಿಲ್ಲ. ಆ ಹೆಚ್ಚಿನ ತೂಕ ಗಾಳಿಯ ಆಕ್ಸಿಜನ್‌ನದು.

ಸರಿದೂಗಿಸುವಾಗ ನಮ್ಮ ಕ್ಲಾಸಿನಲ್ಲಿ ಜಾಸ್ತಿ ಜನ ಮಾಡುತ್ತಿದ್ದ ತಪ್ಪು ಬೇರೆ ಇತ್ತು. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವಾಗ ಎಡಗಡೆ ಆಕ್ಸಿಜನ್ ಪರಮಾಣು ಎರಡು, ಬಲಗಡೆ ಒಂದೇ. ಯಾರೋ ಒಬ್ಬರು ನೀರಿನ ಸೂತ್ರಕ್ಕೇ ಕೆಳಗೊಂದು 2 ಸೇರಿಸಿ ಲೆಕ್ಕ ಮುಗಿಸಿಬಿಟ್ಟರು. ಎಚ್ ಟೂ ಓ ಹೋಗಿ ಎಚ್ ಟೂ ಓ ಟೂ ಆಯಿತು. "ಅಂಕಿ ಸರಿಹೋಯ್ತು. ಆದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್" ಅಂದರು ಮೇಡಂ. ಸೂತ್ರದ ಕೆಳಗಿನ ಅಂಕಿ ವಸ್ತು ಯಾವುದು ಅಂತ ಹೇಳುತ್ತದೆ, ಅದನ್ನು ಮುಟ್ಟುವ ಹಾಗಿಲ್ಲ. ಮುಂದಿನ ಅಂಕಿ ಎಷ್ಟು ಅಂತ ಹೇಳುತ್ತದೆ, ಅದೊಂದೇ ನಮ್ಮ ಕೈಯಲ್ಲಿರುವುದು.

ಆ ನೆಪದಲ್ಲೇ ಪರಮಾಣು ಸಿದ್ಧಾಂತ ಕೊಟ್ಟ ಇಂಗ್ಲೆಂಡಿನ ಡಾಲ್ಟನ್ ಕತೆ ಹೇಳಿದರು. ನೀರಿನಲ್ಲಿ ಹೈಡ್ರೋಜನ್ ಒಂದು, ಆಕ್ಸಿಜನ್ ಒಂದು ಅಂತ ಆತ ನಂಬಿದ್ದ. ಅದಕ್ಕೂ ಆಗಿನ ಒರಟು ಅಳತೆಗೂ ಸೇರಿ 1808ರಲ್ಲಿ ಆತ ಕೊಟ್ಟ ಆಕ್ಸಿಜನ್ ತೂಕ 7. ಈಗ ನಾವು ಬಳಸುವುದು 16. ಸೂತ್ರ ಒಂದು ತಪ್ಪಾದರೆ ಅದರಿಂದ ಬರುವ ತೂಕವೆಲ್ಲ ತಪ್ಪು. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ರಸಾಯನ ವಿಜ್ಞಾನಿಗಳು ಸಭೆ ಸೇರಿದ್ದು ಈ ಗೊಂದಲಕ್ಕೇ. ಪರಮಾಣು ತೂಕಗಳನ್ನು ಹೇಗೆ ಲೆಕ್ಕ ಹಾಕಬೇಕು ಅಂತ ಅಲ್ಲಿ ಇಟಲಿಯ ಕ್ಯಾನಿಝಾರೋ ಬಿಡಿಸಿ ಹೇಳಿದ. ಅರ್ಧ ಶತಮಾನ ದೊಡ್ಡ ದೊಡ್ಡವರನ್ನೇ ಕಾಡಿದ ವಿಷಯ ಇದು. ನಮಗೆ ಒಂದು ವಾರ ಕಾಡಿದರೆ ಅದರಲ್ಲಿ ತಪ್ಪೇನಿಲ್ಲ.

ಎಣಿಕೆಯಿಂದ ತೂಕಕ್ಕೆ ದಾಟುವುದು ಹೇಗೆ ಅಂತ ತೋರಿಸಲು ಅವರು ಒಂದು ದಿನ ಎರಡು ಚೀಲ ತಂದರು. ಒಂದರಲ್ಲಿ ಬೋಲ್ಟು, ಇನ್ನೊಂದರಲ್ಲಿ ನಟ್ಟು. ಬೋಲ್ಟು ಒಂದಕ್ಕೆ 15 ಗ್ರಾಂ, ನಟ್ಟು ಒಂದಕ್ಕೆ 5 ಗ್ರಾಂ. ಒಂದು ಬೋಲ್ಟಿಗೆ ಎರಡು ನಟ್ಟು ಹಾಕಬೇಕು. "ಈ ಚೀಲದಲ್ಲಿ 300 ಗ್ರಾಂ ಬೋಲ್ಟಿದೆ. ಎಷ್ಟು ಗ್ರಾಂ ನಟ್ಟು ಬೇಕು? ಚೀಲ ಬಿಚ್ಚಬಾರದು, ಎಣಿಸಬಾರದು." ಹಿಂದಿನ ಬೆಂಚಿನಿಂದ ಉತ್ತರ ಬಂತು. 300ನ್ನು 15ರಿಂದ ಭಾಗಿಸಿದರೆ 20 ಬೋಲ್ಟು. ಅದಕ್ಕೆ 40 ನಟ್ಟು. ಒಟ್ಟು 200 ಗ್ರಾಂ. "ಮೋಲ್ ಅಂದರೆ ಇಷ್ಟೇ, ಡಜನ್ ಹಾಗೆ ಕಣಗಳ ಒಂದು ನಿಗದಿತ ಎಣಿಕೆ" ಅಂದರು ಮೇಡಂ. ತೂಕ ಭಾಗಿಸಿ ಎಣಿಕೆಗೆ ಹೋಗು, ಸಮೀಕರಣದ ಅಂಕಿ ನೋಡು, ಮತ್ತೆ ಗುಣಿಸಿ ತೂಕಕ್ಕೆ ಬಾ.

ಆಮೇಲೆ ಅವರೇ ಕೇಳಿದರು, "ನಟ್ಟು 150 ಗ್ರಾಂ ಮಾತ್ರ ಇದ್ದರೆ?" ಈ ಸಲ ನಾನೇ ಎದ್ದು ನಿಂತೆ. 30 ನಟ್ಟಿಗೆ 15 ಜೋಡಣೆ ಆಗುತ್ತದೆ, 5 ಬೋಲ್ಟು ಸುಮ್ನೆ ಉಳಿಯುತ್ತದೆ. ಎಣಿಕೆಯಲ್ಲಿ ನಟ್ಟು ಬೋಲ್ಟಿಗಿಂತ ಜಾಸ್ತಿ. ಆದರೂ ಮೊದಲು ಖಾಲಿಯಾಗಿ ಕೆಲಸ ನಿಲ್ಲಿಸುವುದು ನಟ್ಟು. ಸೀಮಿತ ಪ್ರತಿವರ್ತಕ ಅನ್ನುವ ಉದ್ದದ ಹೆಸರು ಕೇಳುವ ಮುಂಚೆಯೇ ನಮಗೆ ಆ ವಿಷಯ ಗೊತ್ತಾಗಿತ್ತು. ಒಂದು ಮೋಲ್‌ನಲ್ಲಿ ಎಷ್ಟು ಕಣ ಅನ್ನುವುದಕ್ಕೆ ನಮ್ಮ ಕಾಲದಲ್ಲಿ 12 ಗ್ರಾಂ ಕಾರ್ಬನ್-12 ಆಧಾರವಾಗಿತ್ತು. 2019ರಿಂದ ಸಂಖ್ಯೆಯನ್ನೇ ನಿಗದಿ ಮಾಡಿದ್ದಾರೆ, 6.02214076 ಗುಣಿಸು 10ರ ಘಾತ 23. ಲೆಕ್ಕ ಮಾಡುವವರಿಗೆ ಇದರಿಂದ ಏನೂ ಬದಲಾಗಿಲ್ಲ.

ಇನ್ನು ಮೆಗ್ನೀಷಿಯಂ ಸುಟ್ಟ ಪ್ರಯೋಗ. ನನಗೆ ತೀರಾ ಹತ್ತಿರದ ನೆನಪು ಅದು. ರಿಬ್ಬನ್ನನ್ನು ಮರಳುಕಾಗದದಿಂದ ಹೊಳೆಯುವ ಹಾಗೆ ಉಜ್ಜಿ, ಸುರುಳಿ ಸುತ್ತಿ ಕ್ರೂಸಿಬಲ್ ಅನ್ನುವ ಬೆಂಕಿ ತಾಳುವ ಸಣ್ಣ ಬಟ್ಟಲಿನಲ್ಲಿಟ್ಟೆವು. ಮೆಗ್ನೀಷಿಯಂ 0.24 ಗ್ರಾಂ. 24 ಗ್ರಾಂಗೆ 40 ಗ್ರಾಂ ಆಕ್ಸೈಡ್ ಅಂದರೆ ನಮಗೆ 0.40 ಬರಬೇಕು. ಕೆಳಗೆ ಬರ್ನರ್ ಇಟ್ಟು, ಆಗಾಗ ಇಕ್ಕಳದಿಂದ ಮುಚ್ಚಳ ಒಂದು ಕೂದಲೆಳೆಯಷ್ಟು ಎತ್ತಬೇಕು, ಒಳಗೆ ಗಾಳಿ ಹೋಗಬೇಕಲ್ಲ. ಎತ್ತಿದಾಗಲೆಲ್ಲ ಒಳಗೆ ಬೆಳ್ಳಗೆ ಬೆಳಕು, ಅಂಚಿನಿಂದ ಬಿಳಿ ಹೊಗೆಯ ಒಂದು ಎಳೆ. ಆರಿದ ಮೇಲೆ ತೂಗಿದರೆ 0.37.

ನನ್ನ ಜೊತೆಯವನು ಪುಸ್ತಕದಲ್ಲಿ 0.40 ಅಂತಲೇ ಬರೆಯೋಣ ಅಂದ. ಮೇಡಂ ಕೇಳಿಸಿಕೊಂಡರು. "ತಕ್ಕಡಿ ಹೇಳಿದ್ದನ್ನು ಬರೆಯಿರಿ. ಕಡಿಮೆ ಯಾಕಾಯ್ತು ಅಂತ ಹುಡುಕೋಣ" ಅಂತ ಕ್ರೂಸಿಬಲ್ ಒಳಗೆ ನಾಲ್ಕು ಹನಿ ನೀರು ಬಿಟ್ಟರು. ಮತ್ತೆ ಮೆಲ್ಲಗೆ ಬಿಸಿ ಮಾಡಿಸಿದರು. ಕ್ಷಾರ ತಗುಲಿದರೆ ನೀಲಿಯಾಗುವ ಕೆಂಪು ಲಿಟ್ಮಸ್ ಕಾಗದವನ್ನು ಒದ್ದೆ ಮಾಡಿ ಮೇಲೆ ಹಿಡಿಯಲು ಹೇಳಿದರು. ನನ್ನ ಕಣ್ಣೆದುರೇ ಕಾಗದದ ತುದಿ ನೀಲಿಗೆ ತಿರುಗಿತು. ಮೂಗಿಗೆ ಸಣ್ಣಗೆ ಚುಚ್ಚುವ ವಾಸನೆ. ಅಮೋನಿಯ! ಮೆಗ್ನೀಷಿಯಂ ಗಾಳಿಯ ಆಕ್ಸಿಜನ್ ಜೊತೆ ಮಾತ್ರ ಅಲ್ಲ, ನೈಟ್ರೋಜನ್ ಜೊತೆಗೂ ಸ್ವಲ್ಪ ಸೇರಿ ನೈಟ್ರೈಡ್ ಆಗಿತ್ತು. ಅದರಲ್ಲಿ 72 ಗ್ರಾಂ ಮೆಗ್ನೀಷಿಯಂಗೆ ಬರುವುದು 100 ಗ್ರಾಂ. ಆಕ್ಸೈಡ್ ಆಗಿದ್ದರೆ 120 ಬರುತ್ತಿತ್ತು. ನೀರು ಹಾಕಿದಾಗ ಆ ನೈಟ್ರೈಡ್ ಅಮೋನಿಯ ಬಿಟ್ಟುಕೊಟ್ಟು ಹೈಡ್ರಾಕ್ಸೈಡ್ ಆಯಿತು. ಜೋರಾಗಿ ಕಾಯಿಸಿದ ಮೇಲೆ ಆಕ್ಸೈಡ್ ಆಯಿತು. ಮತ್ತೆ ತೂಗಿದರೆ 0.39. ಉಳಿದ 0.01 ಆ ಬಿಳಿ ಹೊಗೆ. ಬೋರ್ಡಿನ ಮೇಲೆ ನನ್ನನ್ನು ನಿಲ್ಲಿಸಿದ್ದ ಅಮೋನಿಯವೇ ಇಲ್ಲಿ ತಪ್ಪಿದ ಲೆಕ್ಕದ ಕಾರಣ ಹೇಳಿತು ಅಂತ ನನಗೆ ಎಷ್ಟು ಖುಷಿಯಾಯಿತೆಂದರೆ, ಆ ನೀಲಿ ತುದಿಯ ಕಾಗದವನ್ನು ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿಕೊಂಡೆ.

ನಾನೀಗ ಇರುವುದು ಒಂದು ಕಾರ್ಖಾನೆಯ ಲ್ಯಾಬಿನಲ್ಲಿ. ಹೊರಗೆ ಬಿಡುವ ನೀರಿನಲ್ಲಿ ಆಸಿಡ್ ಇರುತ್ತದೆ, ಅದಕ್ಕೆ ಸುಣ್ಣ ಹಾಕಿ ತಟಸ್ಥ ಮಾಡಬೇಕು. ಸೇರಿದ ಹೊಸದರಲ್ಲಿ ಹಳೆಯ ರಿಜಿಸ್ಟರಿನಲ್ಲಿ ಒಂದು ಸಾಲು ನೋಡಿದೆ, "ಆಸಿಡ್ ಸುಣ್ಣ 1:1". ಕೆಲಸದವರು ಅದರಂತೆ 49 ಕಿಲೋ ಸಲ್ಫ್ಯೂರಿಕ್ ಆಸಿಡ್ಡಿಗೆ 49 ಕಿಲೋ ಸುಣ್ಣ ಸುರಿಯುತ್ತಿದ್ದರು. ನೀರಿನ ಪಿಎಚ್ (7 ಇದ್ದರೆ ತಟಸ್ಥ, ಅದಕ್ಕಿಂತ ಮೇಲೆ ಕ್ಷಾರ) 12ರ ಹತ್ತಿರ ಹೋಗುತ್ತಿತ್ತು. ಅದನ್ನು ಇಳಿಸಲು ಮತ್ತೆ ಆಸಿಡ್. ದಿನವೂ ಇದೇ. 1:1 ಅನ್ನುವುದು ಸುಳ್ಳಲ್ಲ, ಸಮೀಕರಣದಲ್ಲಿ ಅವೆರಡೂ ಒಂದಕ್ಕೊಂದೇ. ಆದರೆ ಅದು ಎಣಿಕೆ. ತೂಕದಲ್ಲಿ 98ಕ್ಕೆ 74. ಅಂದರೆ 49 ಕಿಲೋಗೆ 37 ಕಿಲೋ ಶುದ್ಧವಾದ ಅರಳಿದ ಸುಣ್ಣ ಸಾಕು. ನಮ್ಮ ಸುಣ್ಣದ ಶುದ್ಧತೆ ನೂರಕ್ಕೆ 90, ಹಾಗಾಗಿ 41 ಕಿಲೋ.

ರಿಜಿಸ್ಟರಿನಲ್ಲಿ ಆ ಸಾಲನ್ನು ಹೊಡೆದುಹಾಕಿ ಹೊಸದು ಬರೆದೆ. ಸಹಿ ಹಾಕುವ ಮುಂಚೆ ಎರಡೂ ಕಡೆ ಕೂಡಿ ನೋಡಿದೆ. ಆಸಿಡ್ 98, ಸುಣ್ಣ 74, ಒಟ್ಟು 172. ಈ ಕಡೆ ಕ್ಯಾಲ್ಸಿಯಂ ಸಲ್ಫೇಟ್ 136, ನೀರು 36. ಅದೂ 172. ಒಂದು ಗ್ರಾಂ ಕೂಡ ಎಲ್ಲೂ ಹೋಗಿರಲಿಲ್ಲ.