ನೆಷ್

ಜನವರಿ 19, 2025, ಭಾನುವಾರ

ಗುರುವಾರ ಅಜ್ಜ ಕಿಟಕಿ ಮುಚ್ಚಲು ಹೇಳಿದರು. ಕೇಳಿದವರಿಗೆ ಇದೇನು ದೊಡ್ಡ ಸಂಗತಿ ಅನಿಸಬಹುದು. ನನಗೆ ಮೂರು ದಿನಗಳಿಂದ ಅದೇ ಮಾತು ಕಿವಿಯಲ್ಲಿ ಉಳಿದುಬಿಟ್ಟಿದೆ.

ನನ್ನ ಕೆಲಸ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವುದು. ಹೆಚ್ಚಿನವರು ವಯಸ್ಸಾದವರು, ಸೊಂಟದ ಮೂಳೆಯೋ ಮೊಣಕಾಲೋ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವರು. ಈ ಅಜ್ಜನಿಗೆ ಎಂಬತ್ತನಾಲ್ಕು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯ ಅಂಚಿನ ಹಳೆಯ ಗಣಿ ಊರೊಂದರಲ್ಲಿ ಸಾಲುಮನೆಯ ಕೊನೆಯ ಮನೆ ಅವರದು. ಹದಿನೈದನೇ ವಯಸ್ಸಿಗೆ ಕಲ್ಲಿದ್ದಲ ಗಣಿಗೆ ಇಳಿದವರು. ಈ ಕೌಂಟಿಯ ಕಡೆಯ ಗಣಿ ಥೋರ್ಸ್‌ಬಿ 2015ರಲ್ಲಿ ಮುಚ್ಚಿತು; ಅವರು ದುಡಿದ ಗಣಿ ಅದಕ್ಕೂ ಬಹಳ ಮೊದಲೇ ಮುಚ್ಚಿಹೋಗಿತ್ತು. ಡಿಸೆಂಬರಿನಿಂದ ವಾರಕ್ಕೆರಡು ಬಾರಿ ಹೋಗುತ್ತಿದ್ದೇನೆ. ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುವಾಗಲೂ ಅವರ ಕೋಣೆಯ ಕಿಟಕಿ ಒಂದು ಗೇಣು ತೆರೆದೇ ಇರುತ್ತಿತ್ತು. ನಾನು ಸ್ವೆಟರಿನ ಮೇಲೆ ಕೋಟು ತೊಟ್ಟೇ ಅವರ ಕಾಲು ಎತ್ತಿಸುತ್ತಿದ್ದೆ. ಮುಚ್ಚಲೇ ಎಂದು ಮೊದಲ ದಿನ ಕೇಳಿದ್ದಕ್ಕೆ "ಯಾಕೆ, ನೀನು ನೆಷ್ಷಾ?" ಎಂದು ನಕ್ಕಿದ್ದರು.

ಗುರುವಾರ ವಾಕರ್ ಹಿಡಿದು ಕೋಣೆಯ ಆ ತುದಿಯವರೆಗೆ ಹೋಗಿ ಬಂದು ಕುರ್ಚಿಯಲ್ಲಿ ಕುಳಿತರು. ಉಸಿರು ಸುಧಾರಿಸಿಕೊಂಡರು. ಆಮೇಲೆ ನನ್ನ ಮುಖ ನೋಡದೆ, ತಮ್ಮ ಕೈಗಳನ್ನೇ ನೋಡುತ್ತ ಹೇಳಿದರು: "ಆ ಕಿಟಕಿ ಮುಚ್ಚಿಬಿಡು, ಡಕ್. ನಾನು ನೆಷ್ ಆಗಿಬಿಟ್ಟಿದ್ದೇನೆ."

ಡಕ್ ಎಂದರೆ ಬಾತುಕೋಳಿ. ಇಲ್ಲಿನವರು ಗುರುತಿದ್ದವರನ್ನೂ ಇಲ್ಲದವರನ್ನೂ ಹಾಗೆಯೇ ಕರೆಯುತ್ತಾರೆ, ನಮ್ಮಲ್ಲಿ ಅಂಗಡಿಯವರು ಯಾರನ್ನಾದರೂ "ಏನು ಬೇಕು ತಾಯಿ" ಎಂದು ಕೇಳುವ ಹಾಗೆ. ಆ ಪದ ನನಗೆ ಮೊದಲ ವರ್ಷವೇ ಒಗ್ಗಿತು. ನೆಷ್ ಒಗ್ಗಲು ಹೆಚ್ಚು ಕಾಲ ಹಿಡಿಯಿತು. ಚಳಿ ತಡೆಯಲಾರದವರು, ಸ್ವಲ್ಪ ಗಾಳಿ ಬೀಸಿದರೆ ಶಾಲು ಹುಡುಕುವವರು ನೆಷ್. ನಾಟಿಂಗ್‌ಹ್ಯಾಮ್, ಡರ್ಬಿ, ಸ್ಟಾಫರ್ಡ್‌ಶೈರ್, ಚೆಷೈರ್, ಷೆಫೀಲ್ಡಿನ ಕಡೆ ಇದು ದಿನಬಳಕೆಯ ಮಾತು. ಲಂಡನ್ನಿನಲ್ಲಿ ಬೆಳೆದ ನನ್ನ ಸಹೋದ್ಯೋಗಿಗೆ ಇದರ ಅರ್ಥವನ್ನು ನಾನೇ ಹೇಳಿಕೊಡಬೇಕಾಯಿತು.

ಶುಕ್ರವಾರ, ಶನಿವಾರ ರಾತ್ರಿ ಎರಡೂ ದಿನ ಇದರ ಹಿಂದೆಯೇ ಬಿದ್ದಿದ್ದೆ. ಓದಿದ್ದನ್ನು ಮರೆಯುವ ಮೊದಲು ಇಲ್ಲಿ ಬರೆದಿಡುತ್ತೇನೆ.

ಪದ ಬಹಳ ಹಳೆಯದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದರ ರೂಪ ಹ್ನೆಷೆ. ನಟ್, ರಿಂಗ್, ಲೋಫ್ ಎಂಬ ಪದಗಳಿಗೂ ಆಗ ಮುಂದೆ ಹೀಗೆಯೇ ಒಂದು ಹಕಾರವಿತ್ತು: ಹ್ನುಟು, ಹ್ರಿಂಗ್, ಹ್ಲಾಫ್. ಮುಂದೆ ಎಲ್ಲವುಗಳ ಹಕಾರವೂ ಉದುರಿತು. ನಮ್ಮ ಪಾಲು ಹಾಲಾಗಿ, ಹಳೆ ಮೈಸೂರಿನ ಕೆಲವರ ಬಾಯಲ್ಲಿ ಆಲಾದದ್ದನ್ನು ಬಲ್ಲ ನನಗೆ ಇದು ತೀರ ಪರಿಚಯದ ದಾರಿಯಂತೆ ಕಂಡಿತು.

ಆಗ ಅದರ ಅರ್ಥಕ್ಕೂ ಚಳಿಗೂ ಸಂಬಂಧವೇ ಇರಲಿಲ್ಲ. ಹ್ನೆಷೆ ಎಂದರೆ ಮೆತ್ತನೆಯದು, ಎಳೆಯದು, ಮುಟ್ಟಿದರೆ ಹಿತವಾಗಿರುವುದು. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹಳೆಯ ಇಂಗ್ಲಿಷಿಗೆ ತಂದ ಸುವಾರ್ತೆಗಳಲ್ಲಿ ಈ ಪದ ಸಿಗುತ್ತದೆ. ಮತ್ತಾಯನ ಹನ್ನೊಂದನೇ ಅಧ್ಯಾಯದಲ್ಲಿ ಯೇಸು ಜನರನ್ನು ಕೇಳುತ್ತಾನೆ: ಅರಣ್ಯಕ್ಕೆ ಹೋಗಿ ಏನು ನೋಡಬೇಕೆಂದಿದ್ದಿರಿ, ನಯವಾದ ಬಟ್ಟೆ ತೊಟ್ಟ ಮನುಷ್ಯನನ್ನೋ? ಆ ನಯವಾದ ಬಟ್ಟೆಯೇ ಅಲ್ಲಿ 'ಹ್ನೆಷೆ' ಬಟ್ಟೆ. ಮುಂದೆ ಇಪ್ಪತ್ತನಾಲ್ಕನೇ ಅಧ್ಯಾಯದಲ್ಲಿ ಬೇಸಿಗೆ ಹತ್ತಿರವಾದಾಗ ಅಂಜೂರದ ರೆಂಬೆ ಎಳೆಯದಾಗಿ ಎಲೆ ಬಿಡುತ್ತದೆ ಎನ್ನುವಲ್ಲಿಯೂ ಅದೇ ಪದ. ರೇಷ್ಮೆಯಂಥ ಬಟ್ಟೆಗೆ ಒಮ್ಮೆ, ಬೇಸಿಗೆಯ ಚಿಗುರಿಗೆ ಒಮ್ಮೆ! ಇದನ್ನು ಓದಿದಾಗ ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಅದಕ್ಕಿಂತ ಆರು ಶತಮಾನ ಹಿಂದೆ, ನಾಲ್ಕನೇ ಶತಮಾನದಲ್ಲಿ, ವುಲ್ಫಿಲಾ ಎಂಬ ಬಿಷಪ್ ಬೈಬಲನ್ನು ಇಂಗ್ಲಿಷಿನ ಬಳಗದ್ದೇ ಆದ ಗಾಥಿಕ್ ಭಾಷೆಗೆ ತಂದ. ನೇರಳೆ ಬಣ್ಣದ ಚರ್ಮದ ಹಾಳೆಗಳ ಮೇಲೆ ಬೆಳ್ಳಿಯ ಶಾಯಿಯಲ್ಲಿ ಬರೆದ ಅದರ ಒಂದು ಪ್ರತಿ ಸ್ವೀಡನ್ನಿನ ಉಪ್ಸಾಲಾದಲ್ಲಿದೆ. ಅದರಲ್ಲಿಯೂ ಅದೇ ಮಾತಿಗೆ, ಅದೇ ಬಟ್ಟೆಗೆ ಇದೇ ಪದದ ಸೋದರರೂಪ: ಹ್ನಾಸ್ಕ್ವುಸ್. ಗಾಥಿಕ್ ಆಡುವವರು ಇಂದು ಒಬ್ಬರೂ ಇಲ್ಲ. ಆ ಪದದ ಒಡಹುಟ್ಟು ಮಾತ್ರ ನಾಟಿಂಗ್‌ಹ್ಯಾಮ್‌ಶೈರಿನ ಸಾಲುಮನೆಯಲ್ಲಿ, ಸೊಂಟದ ಮೂಳೆ ಮುರಿದುಕೊಂಡ ಒಬ್ಬ ಗಣಿಗಾರನ ಬಾಯಲ್ಲಿ ಉಸಿರಾಡುತ್ತಿದೆ.

ಮಧ್ಯಕಾಲದ ಇಂಗ್ಲಿಷಿನಲ್ಲಿ 'ನೆಷ್ ಮತ್ತು ಹಾರ್ಡ್' ಎಂಬ ಜೋಡುನುಡಿ ಇತ್ತು. ಮೆತ್ತಗಿರಲಿ ಗಟ್ಟಿಯಿರಲಿ, ಅಂದರೆ ಏನೇ ಬರಲಿ. ನಾವು ಬೇವು ಬೆಲ್ಲ ಎನ್ನುವ ಕಡೆ ಅವರು ಹಾಗೆನ್ನುತ್ತಿದ್ದರು. ಆ ಜೋಡಿ ಮುರಿದದ್ದು ಸಾಫ್ಟ್ ಎಂಬ ಪದದಿಂದ. ಸಾಫ್ಟ್‌ಗೆ ಮೊದಲಿದ್ದ ಅರ್ಥ ಹಿತ, ಶಾಂತ, ನೆಮ್ಮದಿ ಎಂದಷ್ಟೆ. ಬರಬರುತ್ತ ಅದು ಮುಟ್ಟಿ ನೋಡುವ ಮೆತ್ತಗಿಗೂ ಕೈ ಹಾಕಿತು. ಪುಸ್ತಕ, ನ್ಯಾಯಾಲಯ, ಶಾಲೆಗಳ ಇಂಗ್ಲಿಷು ಅದನ್ನೇ ಹಿಡಿಯಿತು. ನೆಷ್ ಹೊಲಗದ್ದೆಗಳಿಗೆ, ಅಡುಗೆಮನೆಗಳಿಗೆ, ಕೊನೆಗೆ ಗಣಿಗಳಿಗೆ ಸರಿಯಿತು. ಇಂಗ್ಲೆಂಡಿನಿಂದ ಹಡಗು ಹತ್ತಿ ನ್ಯೂಫೌಂಡ್‌ಲ್ಯಾಂಡಿಗೆ ಹೋದವರ ಜೊತೆ ಸಾಗರವನ್ನೂ ದಾಟಿತು. ಅಲ್ಲಿ ಅದು ನಿಷ್, ಅರ್ಥ ನಾಜೂಕು, ಮುಟ್ಟಿದರೆ ನೋಯುವಂಥದ್ದು.

ಮೆತ್ತಗೆ ಎನ್ನುವುದು ಬೈಗುಳವಾದದ್ದು ಹೇಗೆ ಎಂಬುದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ್ದಲ್ಲ. ಮೆತ್ತನೆಯ ಹಾಸಿಗೆ ಯಾರಿಗೆ ಬೇಡ? ಅದೇ ಮಳೆಗಾಲದಲ್ಲಿ ಹಪ್ಪಳ ಮೆತ್ತಗಾದರೆ ತಟ್ಟೆಯ ಅಂಚಿಗೆ ಸರಿಸುತ್ತೇವೆ. ಜ್ವರ ಬಂದ ಮಗು ಮೆತ್ತಗಾಗುತ್ತದೆ. ನಾಲ್ಕು ಜನರ ಎದುರು ಬೈಸಿಕೊಂಡವನು ಮೆತ್ತಗಾಗುತ್ತಾನೆ. ನೆಷ್ ಕೂಡ ಈ ಮೆಟ್ಟಿಲುಗಳನ್ನೇ ಇಳಿದಿದೆ: ಮೆತ್ತಗಿನದು, ನಾಜೂಕಾದದ್ದು, ಗಟ್ಟಿಯಿಲ್ಲದ್ದು, ಕೊನೆಗೆ ಚಳಿಗೆ ಹೆದರುವವನು. ನೆಷ್ ಮಾಡಿದ ಎಂದರೆ ಕೊನೆಯ ಗಳಿಗೆಯಲ್ಲಿ ಧೈರ್ಯ ಸಾಲದೆ ಹಿಂದೆ ಸರಿದ ಎಂಬ ಅರ್ಥವೂ ಇದೆ.

ಇವೆಲ್ಲ ಒಂದು ಕಡೆ ಸಿಗುವುದು ಜೋಸೆಫ್ ರೈಟ್ ಸಂಪಾದಿಸಿದ ಇಂಗ್ಲಿಷ್ ಉಪಭಾಷೆಗಳ ನಿಘಂಟಿನಲ್ಲಿ. 1898ರಿಂದ 1905ರವರೆಗೆ ಆರು ಸಂಪುಟಗಳಾಗಿ ಬಂತು. ನೆಷ್ ಇರುವುದು ನಾಲ್ಕನೆಯದರಲ್ಲಿ. ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದವರು ಇಡೀ ನಿಘಂಟನ್ನು ಅಂತರ್ಜಾಲದಲ್ಲಿ ಹುಡುಕಲು ಬರುವಂತೆ ಮಾಡಿದ್ದಾರೆ. ರೈಟ್ ಯಾರ್ಕ್‌ಷೈರಿನ ಬಡಮನೆಯ ಹುಡುಗ, ಹುಟ್ಟಿದ್ದು 1855ರಲ್ಲಿ. ಆರನೇ ವಯಸ್ಸಿಗೆ ಕಲ್ಲುಕ್ವಾರಿಯಲ್ಲಿ ಕತ್ತೆಗಾಡಿ ಹೊಡೆಯುತ್ತಿದ್ದ. ಆಮೇಲೆ ಸಾಲ್ಟೇರಿನ ಬಟ್ಟೆ ಗಿರಣಿ ಸೇರಿದ. ಓದು ಬರಹ ಕಲಿತದ್ದು ಹದಿನೈದರ ಹೊತ್ತಿಗೆ. ಅಂಥವನು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಡಾಕ್ಟರೇಟ್ ಪಡೆದು 1901ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾದ. ಗಾಥಿಕ್ ವ್ಯಾಕರಣ ಬರೆದವನೂ ಅವನೇ, ತನ್ನೂರು ವಿಂಡ್‌ಹಿಲ್ಲಿನ ಆಡುಮಾತಿಗೆ 1892ರಲ್ಲಿ ವ್ಯಾಕರಣ ಬರೆದವನೂ ಅವನೇ. ವುಲ್ಫಿಲಾನ ಮಾತನ್ನೂ ಗಿರಣಿಯ ಕೂಲಿಯವರ ಮಾತನ್ನೂ ಒಂದೇ ಗೌರವದಿಂದ ಎದುರಿಗಿಟ್ಟುಕೊಂಡು ಕೂರುವುದು ಎಲ್ಲ ವಿದ್ವಾಂಸರಿಗೆ ಬರುವುದಿಲ್ಲ. ನನಗೆ ಈ ಮನುಷ್ಯನ ಮೇಲೆ ಬಹಳ ಪ್ರೀತಿ ಬಂದಿದೆ.

ಇದೇ ಕಾಲದ ನಮ್ಮ ಕಿಟ್ಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನನ್ನ ಕಪಾಟಿನಲ್ಲಿದೆ. ಅದರ ವಿಷಯ ಇನ್ನೊಂದು ದಿನ.

ಇನ್ನೊಂದು ಪದವನ್ನೂ ಇಲ್ಲಿ ಹೇಳಲೇಬೇಕು, ಮೂರು ವರ್ಷದಿಂದ ಮನಸ್ಸಿನಲ್ಲಿ ಭಾರವಾಗಿ ಕೂತಿರುವುದು. ಈ ಕಡೆಗೆ ಬಂದ ಹೊಸತರಲ್ಲಿ ಒಬ್ಬ ಅಜ್ಜಿ ತಾನು 'ಸ್ಟಾರ್ವ್ಡ್' ಎಂದರು. ಹಸಿವಾಗಿದೆ ಎಂದುಕೊಂಡು ಅಡುಗೆಮನೆಗೆ ಓಡಿ ಬಿಸ್ಕತ್ತು, ಹಾಲು ತಂದೆ. ಅಜ್ಜಿ ಒಂದು ಬಿಸ್ಕತ್ತನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತರು. ಅವರ ಬೆರಳಿನ ತುದಿಗಳು ನೀಲಿಗಟ್ಟಿದ್ದವು. ಅದು ಕಣ್ಣಿಗೆ ಬಿದ್ದ ಮೇಲೆ ನನಗೆ ಅರ್ಥವಾಯಿತು. ಅವರಿಗೆ ಬೇಕಾಗಿದ್ದದ್ದು ಹೀಟರ್.

ಹಳೆಯ ಇಂಗ್ಲಿಷಿನಲ್ಲಿ ಸ್ಟೆಯೋರ್ಫನ್ ಎಂದರೆ ಸಾಯುವುದು, ಇಷ್ಟೇ. ಯಾವುದರಿಂದ ಎಂಬುದು ಅದರಲ್ಲಿ ಇರಲಿಲ್ಲ. ಜರ್ಮನಿನಲ್ಲಿ ಈಗಲೂ ಸಾಯುವುದಕ್ಕೆ ಷ್ಟೆರ್ಬೆನ್ ಎಂದೇ ಹೇಳುತ್ತಾರೆ. ನಾವು ಚಳಿಗೆ ಸತ್ತೆ ಎಂದೂ ಹಸಿದು ಸತ್ತೆ ಎಂದೂ ಹೇಳುತ್ತೇವಲ್ಲ, ಅದರಲ್ಲಿ ಚಳಿ, ಹಸಿವು ಎರಡನ್ನೂ ಬಿಟ್ಟು ಸತ್ತೆ ಎಂದಷ್ಟೇ ಉಳಿಸಿಕೊಂಡಂತೆ. ದಕ್ಷಿಣದವರು ಅದಕ್ಕೆ ಹಸಿವನ್ನು ತುಂಬಿದರು, ಉತ್ತರದವರು ಚಳಿಯನ್ನು. ಶಾಲೆಯ ಪುಸ್ತಕಗಳಲ್ಲಿ ನಾನು ಕಲಿತು ಬಂದದ್ದು ದಕ್ಷಿಣದವರ ಇಂಗ್ಲಿಷು. ಅಂದಿನಿಂದ ಯಾರ ಮನೆಗೆ ಹೋದರೂ ಮಾತಿಗೆ ಮೊದಲು ಅವರ ಕೈ ಮುಟ್ಟಿ ನೋಡುತ್ತೇನೆ.

ಗುರುವಾರ ಕಿಟಕಿ ಮುಚ್ಚಿ, ಅಜ್ಜನ ಕಾಲ ಮೇಲೆ ಕಂಬಳಿ ಹೊದಿಸಿದೆ. ನೆಷ್ ಎಂದು ಯಾರನ್ನು ಕರೆಯುತ್ತಿದ್ದಿರಿ ಎಂದು ಕೇಳಿದೆ. ಗಣಿಯ ಒಳಗೆ ಸೆಕೆ, ಅಂಗಿ ಕಳಚಿ ದುಡಿಯುವಷ್ಟು. ಬೆವರಿದ ಮೈಯಲ್ಲಿ ಮೇಲೆ ಬಂದರೆ ಜನವರಿಯ ಗಾಳಿ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದವನಿಗೆ ಎಲ್ಲರೂ ಸೇರಿ ನೆಷ್ ಎಂದು ಹೆಸರಿಟ್ಟರೆ ಅವನು ಮರುದಿನ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದನಂತೆ. ಇಷ್ಟನ್ನು ನಗುತ್ತಲೇ ಹೇಳಿದರು. ಆಮೇಲೆ ತಮ್ಮನ ಮಾತು ಬಂತು. ತಮ್ಮನಿಗೆ ಹುಟ್ಟಿನಿಂದಲೇ ಎದೆ ಸರಿಯಿರಲಿಲ್ಲ. ಗಣಿಗೆ ಇಳಿಯಲಿಲ್ಲ. ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅಪ್ಪ ಸಾಯುವವರೆಗೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ, 'ನಮ್ಮ ನೆಷ್' ಎಂದೇ ಕರೆದ.

"ನಾನೂ ಹಾಗೆಯೇ ಕರೆಯುತ್ತಿದ್ದೆ," ಎಂದರು ಅಜ್ಜ.

ಬಟ್ಟೆ ಅಂಗಡಿ ಎಂದು ಅವರು ಹೇಳುವಾಗ ನನಗೆ ಏನೂ ಅನಿಸಿರಲಿಲ್ಲ. ಶುಕ್ರವಾರ ರಾತ್ರಿ ಮತ್ತಾಯನ ಆ ಮಾತು ಓದುವಾಗ, ನಯವಾದ ಬಟ್ಟೆ ಎಂಬಲ್ಲಿಗೆ ಬಂದಾಗ, ಕಣ್ಣಿನಲ್ಲಿ ನೀರು ತುಂಬಿತು.

ನಮ್ಮ ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ನಾನು ಬಚ್ಚಲೊಲೆಯ ಮುಂದಿನಿಂದ ಏಳುತ್ತಿರಲಿಲ್ಲ. ನನ್ನ ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹೊರಡುವಾಗ ಒಳಗೆ ಇಣುಕಿ "ಎಷ್ಟು ನಾಜೂಕೇ ನೀನು" ಎನ್ನುತ್ತಿದ್ದರು. ಅದರಲ್ಲಿ ಅಕ್ಕರೆ ಇತ್ತು, ನನಗೆ ಒಮ್ಮೆಯೂ ಚುಚ್ಚಲಿಲ್ಲ. ಅದೇ ಮಾತನ್ನು ಅವರು ನನ್ನ ಅಣ್ಣನಿಗೆ ಹೇಳಿದ ದಿನ ಅಣ್ಣ ಊಟ ಬಿಟ್ಟು ಎದ್ದು ಹೋಗಿದ್ದ. ಎರಡು ದಿನದಿಂದ ಅದೂ ನೆನಪಾಗುತ್ತಿದೆ.

ಇವತ್ತು ಬೆಳಿಗ್ಗೆ ಅಮ್ಮ ಫೋನು ಮಾಡಿದ್ದಳು. ಮನೆಯ ಒಳಗೂ ಟೊಪ್ಪಿ ಹಾಕಿಕೊಂಡಿದ್ದೀಯಲ್ಲ ಎಂದಳು. ಇಲ್ಲಿ ಅದಕ್ಕೊಂದು ಪದವಿದೆ ಅಮ್ಮ ಎಂದು ನೆಷ್ ಹೇಳಿಕೊಟ್ಟೆ. ಅಮ್ಮ ಎರಡು ಸಲ ಉಚ್ಚರಿಸಿ ನೋಡಿ, ಹಾಗೆಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದಳು. ಚಿಗುರಿಗೆ ಹೇಳುತ್ತಿದ್ದ ಪದ ಎಂದೆ.

ಮಂಗಳವಾರ ಮತ್ತೆ ಹೋಗಬೇಕು. ಅಜ್ಜನ ಕೋಣೆಯ ರೇಡಿಯೇಟರ್ ಪೂರ್ತಿ ಬಿಸಿಯಾಗುತ್ತಿಲ್ಲ, ಅವರ ಮಗಳಿಗೆ ತಿಳಿಸಬೇಕು. ತಮ್ಮ ಇನ್ನೂ ಇದ್ದಾರೆಯೇ ಎಂದು ಕೇಳಬೇಕು.