ಅಕಿಲೀಸನ ಅಳು, ಪೆಟ್ರೋಕ್ಲಸನ ಬೆನ್ನು

ಕಲಾ ಇತಿಹಾಸದ ಪಾಠಗಳಲ್ಲಿ ಇಂದಿಗೂ ಮಾಸದೆ ಉಳಿದದ್ದು ಅಕಿಲೀಸನ ಅಳು. ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್‌ನ ವೀರ ಅವನು; ಟ್ರಾಯ್ ಯುದ್ಧದಲ್ಲಿ ಹೆಕ್ಟರನ ಕೈಯಲ್ಲಿ ಸತ್ತ ಗೆಳೆಯ ಪೆಟ್ರೋಕ್ಲಸನಿಗಾಗಿ ಅತ್ತದ್ದು. "ಮುಖ ಆಮೇಲೆ ನೋಡಿ, ಮೊದಲು ಮೈ ನೋಡಿ" ಅನ್ನುತ್ತಿದ್ದರು ನಮ್ಮ ಮೇಷ್ಟ್ರು.

ಸ್ಕಾಟ್ಲೆಂಡಿನ ಗೇವಿನ್ ಹ್ಯಾಮಿಲ್ಟನ್ ರೋಮಿನಲ್ಲಿದ್ದಾಗ 1760–63ರಲ್ಲಿ ಬರೆದ ಚಿತ್ರದಿಂದ ಪಾಠ ಶುರು. ಈಗ ಅದು ಎಡಿನ್‌ಬರೊದಲ್ಲಿದೆ. ಪೆಟ್ರೋಕ್ಲಸನ ಬಿಳಿಚಿದ ಹೆಣ ಅಡ್ಡಕ್ಕೆ ಚಾಚಿದೆ. ಅಕಿಲೀಸ್ ಅದನ್ನು ಬಿಡಲೊಲ್ಲ, ಸಂತೈಸಲು ಬಂದವರನ್ನೂ ಒಲ್ಲ. ಸುತ್ತಲಿನವರು ರೋಮನ್ ಶವಪೆಟ್ಟಿಗೆಯ ಉಬ್ಬುಶಿಲ್ಪದ ಹಾಗೆ ಸಾಲುಗಟ್ಟಿದ್ದಾರೆ. ಇಲಿಯಡ್‌ನ 18ನೇ ಸರ್ಗದ ಅಕಿಲೀಸನಾದರೋ ತಲೆಗೆ ಬೂದಿ ಸುರಿದುಕೊಂಡು ನೆಲದಲ್ಲಿ ಹೊರಳಿ ಕೂದಲು ಕೀಳುತ್ತಾನೆ. ಎಲ್ಲಿ ಕತ್ತು ಕೊಯ್ದುಕೊಂಡಾನೋ ಎಂದು ಸಾವಿನ ಸುದ್ದಿ ತಂದ ಆಂಟಿಲೋಕಸ್ ಅವನ ಕೈ ಹಿಡಿದಿರುತ್ತಾನೆ. ಪ್ರಾಚೀನ ಗ್ರೀಕ್-ರೋಮನ್ ಕಲೆಯ ಸಂಯಮವನ್ನೇ ಮಾದರಿಯಾಗಿಟ್ಟುಕೊಂಡ ಹ್ಯಾಮಿಲ್ಟನ್ನನಂಥ ನವಶಾಸ್ತ್ರೀಯರಿಗೆ ಅಷ್ಟು ಹೊರಳಾಟ ಒಗ್ಗದು.

ಹ್ಯಾಮಿಲ್ಟನ್ನನ ಇಲಿಯಡ್ ಚಿತ್ರಗಳು ಊರೂರಿಗೆ ಹರಡಿದ್ದು ಡೊಮೆನಿಕೊ ಕುನೇಗೊ ಕೆತ್ತಿದ ತಾಮ್ರಪಟದ ಅಚ್ಚುಗಳಿಂದ. ಕೆತ್ತುವವನು ಮೊದಲೇ ತಿರುವಿ ಕೆತ್ತದಿದ್ದರೆ ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಹಾಗಾಗಿ ಯಾವುದೇ ಅಚ್ಚನ್ನು ನಕಲು ಮಾಡುವ ಮುನ್ನ ಕತ್ತಿ ಯಾವ ಕೈಯಲ್ಲಿದೆ ನೋಡಿಕೊಳ್ಳಬೇಕು.

ಫ್ರಾನ್ಸಿನ ಜಾಕ್ ಲೂಯಿ ದವೀದ್ 1778ರಲ್ಲಿ ಬರೆದ ಪೆಟ್ರೋಕ್ಲಸನ ಅಂತ್ಯಕ್ರಿಯೆಯ ಚಿತ್ರ ಡಬ್ಲಿನ್ನಿನಲ್ಲಿದೆ. ಚಿತೆ, ಹೆಕ್ಟರನ ಹೆಣ, ಬಲಿಗೆ ತಂದ ಟ್ರಾಯ್ ಯುವಕರು, ಜನವೋ ಜನ. ಆ ಗದ್ದಲದಲ್ಲಿ ಇಬ್ಬರು ಗೆಳೆಯರನ್ನು ಹುಡುಕಬೇಕು.

ಎರಡೇ ವರ್ಷಕ್ಕೆ, 1780ರಲ್ಲಿ, ಅದೇ ದವೀದ್ ಒಬ್ಬನನ್ನೇ ಬರೆದ. ಫ್ರಾನ್ಸಿನ ಶೆರ್ಬೂರ್ಗಿನಲ್ಲಿರುವ 'ಪೆಟ್ರೋಕ್ಲಸ್' ಹೆಸರಿಗೆ ಬರೀ ಅಭ್ಯಾಸಚಿತ್ರ. ಕೆಂಪು ಬಟ್ಟೆಯ ಮೇಲೆ ಬೆನ್ನು ಮಾಡಿ ಕೂತ ಬೆತ್ತಲೆ ಯುವಕ, ಮುಖವೇ ಇಲ್ಲ. ನನಗೆ ಇದೇ ಮೇಲು.

ಇದನ್ನು ನಕಲು ಮಾಡುವುದಾದರೆ, ಮೂಲ 122×170 ಸೆಂ.ಮೀ. ಅರ್ಧಕ್ಕಿಳಿಸಿದರೆ 61×85. ಫೋಟೋಗೂ ಕ್ಯಾನ್ವಾಸಿಗೂ ಉದ್ದಗಲ ಹತ್ತತ್ತು ಭಾಗ ಮಾಡಿ ಗೆರೆ ಎಳೆಯಬೇಕು. ಮೊದಲು ಬೆನ್ನುಹುರಿಯ ಬಾಗು, ಆಮೇಲೆ ಭುಜಗಳ ಓರೆ. ಎರಡೂ ಭುಜ ಒಂದೇ ಮಟ್ಟಕ್ಕೆ ಬಂದರೆ ವೀರ ಹೋಗಿ ಕೆರೆದಂಡೆಯಲ್ಲಿ ಸ್ನಾನಕ್ಕೆ ಕೂತವನಾಗುತ್ತಾನೆ! ಕೆಂಪನ್ನು ಮೊದಲೇ ಗಾಢವಾಗಿ ಬಳಿದರೆ ಪಕ್ಕದ ಮೈಬಣ್ಣ ಹಸಿರಿಗೆ ತಿರುಗಿದಂತೆ ಕಂಡು, ಅದನ್ನು ಸರಿಪಡಿಸಲು ಹೋಗಿ ಚರ್ಮ ಇಟ್ಟಿಗೆಯಾಗುತ್ತದೆ. ಕೆಂಪು ತೆಳುವಾಗಿರಲಿ, ಮೈ ಮುಗಿಯಲಿ, ಆಮೇಲೆ ಗಾಢ ಮಾಡಿ. ಕೂದಲು ಕೊನೆಗೆ, ಒಣ ಕುಂಚದಲ್ಲಿ.

ಮುಖ ತೋರಿಸುವ ಆಸೆಯಿಂದ ಕೆನ್ನೆಯನ್ನು ತುಸು ಈಚೆಗೆ ತಿರುಗಿಸಿದ ನಕಲುಗಳನ್ನು ಮೇಷ್ಟ್ರು ಮಾತಾಡದೆ ಗೋಡೆಗೆ ಮುಖಮಾಡಿ ಇಡುತ್ತಿದ್ದರು.