ಹಳೆ ಪಿಸಿಯ ಮೋಡೆಮ್: ಐಆರ್‌ಕ್ಯು ಎಷ್ಟು, ಪೋರ್ಟ್ ವಿಳಾಸ ಎಷ್ಟು?

ವಿಂಡೋಸ್ 98 ಕಾಲದ ಪಿಸಿಗೆ ಇಂಟರ್ನಲ್ ಮೋಡೆಮ್ (ಫೋನ್ ಲೈನಿನ ಮೂಲಕ ಇಂಟರ್ನೆಟ್ಟಿಗೆ ಜೋಡಿಸುವ, ಪಿಸಿಯೊಳಗೆ ಕೂರುವ ಕಾರ್ಡ್) ಕೂಡಿಸುವಾಗ ತಲೆ ತಿನ್ನುವುದು ಎರಡೇ ಸಂಖ್ಯೆ: ಐ/ಒ (ಪೋರ್ಟ್) ವಿಳಾಸ ಮತ್ತು ಐಆರ್‌ಕ್ಯು. ಪ್ರೊಸೆಸರ್ ಮೋಡೆಮ್ಮಿಗೆ ಡೇಟಾ ಕೊಟ್ಟು ತೆಗೆದುಕೊಳ್ಳುವ ಜಾಗ ಐ/ಒ ವಿಳಾಸ. ಡೇಟಾ ಬಂದಿದೆ ಎಂದು ಮೋಡೆಮ್ ಪ್ರೊಸೆಸರನ್ನು ಕರೆಯುವ ದಾರಿ ಐಆರ್‌ಕ್ಯು. ಎರಡರಲ್ಲಿ ಯಾವುದು ತಪ್ಪಿದೆ ಎಂಬುದನ್ನು ಹೆಚ್ಚಿನ ಸಲ ಲಕ್ಷಣ ನೋಡಿಯೇ ಹೇಳಬಹುದು. ವಿಳಾಸ ತಪ್ಪಿದ್ದರೆ ಮೋಡೆಮ್ ಸಿಗುವುದೇ ಇಲ್ಲ. ವಿಳಾಸ ಸರಿಯಿದ್ದು ಐಆರ್‌ಕ್ಯು ತಪ್ಪಿದ್ದರೆ ಮೋಡೆಮ್ ಸಿಗುತ್ತದೆ, ಆದರೆ ಹೈಪರ್‌ಟರ್ಮಿನಲ್‌ನಲ್ಲಿ (ಮೋಡೆಮ್ಮಿಗೆ ನೇರವಾಗಿ ಆಜ್ಞೆ ಕಳಿಸುವ ವಿಂಡೋಸ್ ಪ್ರೋಗ್ರಾಂ) 'ಎಟಿ' ಹೊಡೆದ ಮೇಲೆ 'ಓಕೆ' ಬರಲು ಎಷ್ಟೋ ಸೆಕೆಂಡು ಕಾಯಬೇಕು, ಇಲ್ಲವೇ ಅಕ್ಷರಗಳು ತುಂಡು ತುಂಡಾಗಿ ಬರುತ್ತವೆ. ಇದನ್ನು ಗುರುತಿಸದೆ ಡ್ರೈವರ್ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರೆ ಏನೂ ಬದಲಾಗುವುದಿಲ್ಲ.

ಇಂಟರ್ನಲ್ ಮೋಡೆಮ್ ಪಿಸಿಗೆ ಕಾಣುವುದು ಒಂದು ಸೀರಿಯಲ್ ಪೋರ್ಟಾಗಿ, ಅಂದರೆ ಕಾಮ್ ಪೋರ್ಟಾಗಿ. ಪಿಸಿಗಳಲ್ಲಿ ಮೊದಲಿನಿಂದ ನಡೆದುಬಂದ ಲೆಕ್ಕ ಹೀಗಿದೆ (ವಿಳಾಸಗಳು ಹೆಕ್ಸ್, ಅಂದರೆ 16ರ ಆಧಾರದ ಸಂಖ್ಯೆಗಳು). ಕಾಮ್ 1: ವಿಳಾಸ 3ಎಫ್8, ಐಆರ್‌ಕ್ಯು 4. ಕಾಮ್ 2: 2ಎಫ್8, ಐಆರ್‌ಕ್ಯು 3. ಕಾಮ್ 3: 3ಇ8, ಮತ್ತೆ ಐಆರ್‌ಕ್ಯು 4. ಕಾಮ್ 4: 2ಇ8, ಮತ್ತೆ ಐಆರ್‌ಕ್ಯು 3. ನಾಲ್ಕು ಪೋರ್ಟಿಗೆ ನಾಲ್ಕು ವಿಳಾಸ, ಆದರೆ ಐಆರ್‌ಕ್ಯು ಎರಡೇ. ಮುಕ್ಕಾಲು ಪಾಲು ತಕರಾರು ಹುಟ್ಟುವುದು ಇಲ್ಲೇ. ಸೀರಿಯಲ್ ಮೌಸ್ ಕಾಮ್ 1ರಲ್ಲಿದ್ದು ಮೋಡೆಮ್ಮನ್ನು ಕಾಮ್ 3ಕ್ಕೆ ಹಾಕಿದರೆ, ಡಯಲ್ ಶುರುವಾದ ಕೂಡಲೇ ಮೌಸ್ ನಿಂತುಬಿಡುತ್ತದೆ. ಅಥವಾ ಮೌಸ್ ಅಲ್ಲಾಡಿಸಿದಾಗ ಮೋಡೆಮ್ ಸತ್ತಂತೆ ಕೂರುತ್ತದೆ. ಐಎಸ್‌ಎ ಎಂಬ ಹಳೆ ಬಗೆಯ ಸ್ಲಾಟಿನ ಎರಡು ಕಾರ್ಡುಗಳು ಒಂದೇ ಐಆರ್‌ಕ್ಯುವನ್ನು ಏಕಕಾಲಕ್ಕೆ ಸರಿಯಾಗಿ ಹಂಚಿಕೊಳ್ಳಲಾರವು. ಅದರ ನಂತರ ಬಂದ ಪಿಸಿಐ ಸ್ಲಾಟಿನ ಕಾರ್ಡುಗಳಿಗೆ ಈ ತೊಂದರೆ ಇಲ್ಲ, ಅವು ಹಂಚಿಕೊಳ್ಳುವಂತೆಯೇ ರೂಪುಗೊಂಡಿವೆ.

ಈಗಿನ ಸೆಟ್ಟಿಂಗ್ ಏನಿದೆ ಎಂದು ನೋಡಲು ಕಂಟ್ರೋಲ್ ಪ್ಯಾನೆಲ್, ಸಿಸ್ಟಮ್, ಡಿವೈಸ್ ಮ್ಯಾನೇಜರ್‌ಗೆ ಹೋಗಿ ಮೋಡೆಮ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ರಿಸೋರ್ಸಸ್ ಟ್ಯಾಬ್ ತೆರೆಯಿರಿ. ಆ ಟ್ಯಾಬ್ ಇಲ್ಲದಿದ್ದರೆ ಗಾಬರಿ ಬೇಡ: ಎಕ್ಸ್‌ಟರ್ನಲ್ ಮೋಡೆಮ್ಮಿಗೆ ಸ್ವಂತ ರಿಸೋರ್ಸ್ ಇರುವುದಿಲ್ಲ, ಅದು ಕೂತಿರುವ ಕಾಮ್ ಪೋರ್ಟಿನದ್ದೇ ಲೆಕ್ಕ, ಪೋರ್ಟ್ಸ್ ಪಟ್ಟಿಯಲ್ಲಿ ನೋಡಬೇಕು. ಇಡೀ ಯಂತ್ರದ ಐಆರ್‌ಕ್ಯು ಹಂಚಿಕೆ ಬೇಕೆಂದರೆ ಪಟ್ಟಿಯ ಮೇಲ್ತುದಿಯಲ್ಲಿರುವ 'ಕಂಪ್ಯೂಟರ್' ಮೇಲೆ ಎರಡು ಸಲ ಕ್ಲಿಕ್ ಮಾಡಿ. ವಿಂಡೋಸ್ ಎಕ್ಸ್‌ಪಿಯಲ್ಲಾದರೆ ವ್ಯೂ ಮೆನುವಿನ 'ರಿಸೋರ್ಸಸ್ ಬೈ ಟೈಪ್'.

ವಿಂಡೋಸ್ 98ರಲ್ಲಿ ಇನ್ನೊಂದು ಒಳ್ಳೆಯ ಜಾಗವಿದೆ: ಕಂಟ್ರೋಲ್ ಪ್ಯಾನೆಲ್‌ನ ಮೋಡೆಮ್ಸ್, ಡಯಾಗ್ನಾಸ್ಟಿಕ್ಸ್ ಟ್ಯಾಬ್, ಕಾಮ್ ಪೋರ್ಟ್ ಆರಿಸಿ 'ಮೋರ್ ಇನ್ಫೊ'. ಐಆರ್‌ಕ್ಯು, ವಿಳಾಸದ ಜೊತೆ ಯುಎಆರ್‌ಟಿ (ಸೀರಿಯಲ್ ಪೋರ್ಟನ್ನು ನಡೆಸುವ) ಚಿಪ್ ಯಾವುದೆಂದೂ ಅಲ್ಲಿ ಕಾಣುತ್ತದೆ. 16550ಎ ಎಂದಿದ್ದರೆ ಸರಿ, ಅದರೊಳಗೆ 16 ಬೈಟಿನ ಬಫರ್ ಇದೆ. 8250 ಅಥವಾ 16450 ಎಂದಿದ್ದರೆ ಅಂಥ ಬಫರ್ ಇಲ್ಲ. 1,15,200 ಬಿಪಿಎಸ್ ವೇಗದಲ್ಲಿ ಸೆಕೆಂಡಿಗೆ 11,520 ಬೈಟ್ ಬರುವಾಗ ಪ್ರೊಸೆಸರ್ ಪ್ರತಿಯೊಂದನ್ನೂ ಆಗಲೇ ಎತ್ತಿಕೊಳ್ಳಬೇಕು, ತಡವಾದರೆ ಬೈಟ್ ಕಳೆದುಹೋಗುತ್ತದೆ.

ವಿಂಡೋಸ್ ಹೇಳುವುದರ ಮೇಲೆ ಅನುಮಾನವಿದ್ದರೆ ಡಾಸ್‌ಗೆ ಹೋಗಿ ಡಿಬಗ್ ಎಂಬ ಪ್ರೋಗ್ರಾಂ ತೆರೆದು 'ಡಿ 40:0 ಎಲ್8' (d 40:0 l8) ಕೊಡಿ. ಬೂಟ್ ಆಗುವಾಗ ಬಯೋಸ್‌ಗೆ (ಪಿಸಿ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಕಂಡ ಸೀರಿಯಲ್ ಪೋರ್ಟುಗಳ ವಿಳಾಸ ಎಂಟು ಬೈಟ್‌ಗಳಲ್ಲಿ ಬರುತ್ತದೆ. 'ಎಫ್8 03 ಎಫ್8 02 00 00 00 00' ಎಂದರೆ 3ಎಫ್8 ಮತ್ತು 2ಎಫ್8 ಇವೆ, ಬೇರೆ ಇಲ್ಲ. ಬೈಟ್‌ಗಳನ್ನು ಜೋಡಿಯಾಗಿ ಹಿಂದುಮುಂದಾಗಿ ಓದಬೇಕು. ಎಷ್ಟೋ ಬಯೋಸ್‌ಗಳು ಕಾಮ್ 3, 4ನ್ನು ಹುಡುಕುವುದೇ ಇಲ್ಲ, ಹಾಗಾಗಿ ಅಲ್ಲಿ ಸೊನ್ನೆ ಕಂಡ ಮಾತ್ರಕ್ಕೆ ಕಾರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಜಂಪರ್ (ಸೆಟ್ಟಿಂಗ್ ಆರಿಸಲು ಪಿನ್ನುಗಳ ಮೇಲೆ ಕೂರಿಸುವ ಪುಟ್ಟ ತುಂಡು) ಇರುವ ಐಎಸ್‌ಎ ಕಾರ್ಡಿಗೆ ನಾನು ಹೇಳುವ ದಾರಿ ಒಂದೇ: ಮದರ್‌ಬೋರ್ಡಿನ ಎರಡನೇ ಸೀರಿಯಲ್ ಪೋರ್ಟನ್ನು ಬಯೋಸ್‌ನಲ್ಲಿ ಡಿಸೇಬಲ್ ಮಾಡಿ, ಮೋಡೆಮ್ಮನ್ನು ಕಾಮ್ 2, ಐಆರ್‌ಕ್ಯು 3ಕ್ಕೆ ಇಡಿ. ಅವಾರ್ಡ್ ಬಯೋಸ್‌ನಲ್ಲಿ ಅದು ಇಂಟಿಗ್ರೇಟೆಡ್ ಪೆರಿಫೆರಲ್ಸ್ ಪುಟದಲ್ಲಿರುತ್ತದೆ. ಆಮೇಲೆ ಪಿಎನ್‌ಪಿ/ಪಿಸಿಐ ಪುಟಕ್ಕೆ ಹೋಗಿ ಐಆರ್‌ಕ್ಯು 3ನ್ನು 'ಲೆಗಸಿ ಐಎಸ್‌ಎ' ಎಂದು ಕಾದಿರಿಸಿ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಜಂಪರ್ ಕಾರ್ಡ್ ಯಾವ ಐಆರ್‌ಕ್ಯು ಹಿಡಿದಿದೆ ಎಂಬುದು ಬಯೋಸ್‌ಗೆ ಕಾಣುವುದಿಲ್ಲ. ಖಾಲಿ ಇದೆ ಎಂದುಕೊಂಡು ಅದನ್ನೇ ಯಾವುದೋ ಪಿಸಿಐ ಕಾರ್ಡಿಗೆ ಕೊಟ್ಟುಬಿಡಬಹುದು. ಜಂಪರ್ ಕೀಳುವ ಮೊದಲು ಈಗಿನ ಸ್ಥಾನ ಬರೆದಿಟ್ಟುಕೊಳ್ಳಿ. ಕಾಮ್ ಮತ್ತು ಐಆರ್‌ಕ್ಯುಗೆ ಬೇರೆ ಬೇರೆ ಜಂಪರ್ ಇದ್ದರೆ ಎರಡನ್ನೂ ಬದಲಿಸಬೇಕು.

ಕಾಮ್ 4 ಮಾತ್ರ ಆದಷ್ಟೂ ಬೇಡ. ಎಸ್3 ಮುಂತಾದ ಹಳೆ ಡಿಸ್‌ಪ್ಲೇ ಕಾರ್ಡುಗಳು 42ಇ8, 92ಇ8ನಂಥ ವಿಳಾಸ ಬಳಸುತ್ತವೆ. ಹಳೆಯ ಐಎಸ್‌ಎ ಮೋಡೆಮ್ ವಿಳಾಸದ ಕೆಳಗಿನ 10 ಬಿಟ್‌ಗಳನ್ನಷ್ಟೇ ನೋಡುವುದರಿಂದ ಅದಕ್ಕೆ ಇವೆಲ್ಲ 2ಇ8 ಎಂದೇ ಕಾಣುತ್ತವೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಕಾಣದೆಯೂ ಯಂತ್ರ ನೇತುಬೀಳುವುದಕ್ಕೆ ಇದೊಂದು ಕಾರಣ.

ಪಿಸಿಐ ಮೋಡೆಮ್ಮಿಗೆ ಜಂಪರ್ ಕೆಲಸವಿಲ್ಲ. ವಿಳಾಸ ಡಿ800 ಎಂಬಂತೆ ದೊಡ್ಡದಿರುತ್ತದೆ, ಐಆರ್‌ಕ್ಯು ಸಾಮಾನ್ಯವಾಗಿ 5, 9, 10, 11ರಲ್ಲೊಂದು. ಐಆರ್‌ಕ್ಯು ಬದಲಾಗಬೇಕಿದ್ದರೆ ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿ ನೋಡಿ. ವಿನ್‌ಮೋಡೆಮ್ (ತನ್ನ ಕೆಲಸದ ಬಹುಪಾಲನ್ನು ವಿಂಡೋಸ್ ಡ್ರೈವರಿಗೇ ಬಿಡುವ ಮೋಡೆಮ್) ಆಗಿದ್ದರೆ ಕಾಣುವ ಕಾಮ್ ಪೋರ್ಟ್ ಡ್ರೈವರ್ ಸೃಷ್ಟಿಸಿದ್ದು; ಡಾಸ್‌ನಲ್ಲಿ ಹುಡುಕಿ ಫಲವಿಲ್ಲ.

ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ (ಪಿಸಿಐ ಕಾರ್ಡುಗಳನ್ನು ಪಟ್ಟಿ ಮಾಡುವ ಆಜ್ಞೆ) ಕೊಟ್ಟ ವಿಳಾಸ, ಐಆರ್‌ಕ್ಯುಗಳನ್ನು ಸೆಟ್‌ಸೀರಿಯಲ್‌ಗೆ (ಸೀರಿಯಲ್ ಪೋರ್ಟ್ ಹೊಂದಿಸುವ ಆಜ್ಞೆ) ತಿಳಿಸಬೇಕು. ಸೆಟ್‌ಸೀರಿಯಲ್ ತೋರಿಸುವುದು ಕರ್ನಲ್ (ಲಿನಕ್ಸ್‌ನ ತಿರುಳು) ನಂಬಿರುವ ಸಂಖ್ಯೆಯನ್ನು. ಕಾರ್ಡಿನಲ್ಲಿ ಬೇರೆಯೇ ಇರಬಹುದು.

'ನೋ ಡಯಲ್‌ಟೋನ್' ಎಂದು ಬಂದರೆ ಐಆರ್‌ಕ್ಯು ಮುಟ್ಟಬೇಡಿ. ಆ ಉತ್ತರ ಬಂದಿದೆ ಎಂದರೆ ಮೋಡೆಮ್ ಪಿಸಿಯೊಂದಿಗೆ ಮಾತಾಡುತ್ತಿದೆ. ಮೊದಲು ಫೋನ್ ವೈರ್ ನೋಡಿ. ಭಾರತದ ಡಯಲ್‌ಟೋನ್ 25 ಹರ್ಟ್ಸ್‌ನಲ್ಲಿ ಏರಿಳಿಯುವ 400 ಹರ್ಟ್ಸ್, ಅಮೆರಿಕದ್ದು 350 ಮತ್ತು 440 ಹರ್ಟ್ಸ್ ಕೂಡಿದ್ದು. ಅಲ್ಲಿಗೆಂದು ಹೊಂದಿಸಿದ ಮೋಡೆಮ್ ನಮ್ಮ ಟೋನನ್ನು ಗುರುತಿಸದೆ ಹೋಗಬಹುದು. ವಿಂಡೋಸ್‌ನ ಮೋಡೆಮ್ ಪ್ರಾಪರ್ಟೀಸ್‌ನಲ್ಲಿರುವ ಎಕ್ಸ್‌ಟ್ರಾ ಸೆಟ್ಟಿಂಗ್ಸ್ ಜಾಗದಲ್ಲಿ 'ಎಕ್ಸ್3' ಬರೆದರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ.